ನಿಮ್ಮ ಮಾತಿಗೆ ಎದುರಿನವರು ‘ಆಯ್ತು’ ಅಂದರೆ ಏನಾಗುತ್ತದೆ? ಮುಂಬೈ ಕನ್ನಡಿಗರಿಗೆ ಆಫರಿನ ಪಾಠ

ನನ್ನ ತಮ್ಮ ಮಾಟುಂಗಾದಲ್ಲಿ ಸಣ್ಣ ಕೇಟರಿಂಗ್ ಅಡುಗೆಮನೆ ನಡೆಸುತ್ತಾನೆ. ಹೋದ ಮಳೆಗಾಲದಲ್ಲಿ ಹೊಸ ಗ್ರೈಂಡರ್ ತಂದ. ಹಳೆಯದನ್ನು ಮಾರಿಸಿ ಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ನಮ್ಮ ಊರಿನವರ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ ಹೀಗೆ ಬರೆದೆ: ‘ಹತ್ತು ಲೀಟರಿನ ಟಿಲ್ಟಿಂಗ್ ಗ್ರೈಂಡರ್. 8,000 ರೂಪಾಯಿ. ಮೊದಲು ಆಯ್ತು ಅಂದವರಿಗೆ. ಭಾನುವಾರ ಬಂದು ಒಯ್ಯಬೇಕು.’

ಮುಲುಂಡಿನ ಅಕ್ಕ ಮೊದಲು ಬರೆದರು: ‘7,000ಕ್ಕೆ ಕೊಡ್ತೀರಾ?’ ಅದರ ಬೆನ್ನಿಗೇ ಡೊಂಬಿವಲಿಯ ಮಾಮ ಹೆಬ್ಬೆರಳಿನ ಚಿತ್ರ ಒತ್ತಿದರು. ಆಮೇಲೆ ವಾಶಿಯಲ್ಲಿ ಕ್ಯಾಂಟೀನ್ ಇಟ್ಟಿರುವ ಗೆಳೆಯ: ‘ಆಯ್ತು, ನನಗೆ ಬೇಕು. ಭಾನುವಾರ ಟೆಂಪೋ ತರ್ತೇನೆ.’ ಅಷ್ಟರಲ್ಲಿ ಮುಲುಂಡಿನ ಅಕ್ಕ ಮತ್ತೆ ಬಂದರು: ‘ಸರಿ, ಎಂಟಕ್ಕೇ ಆಗಲಿ. ಮೊದಲು ಕೇಳಿದ್ದು ನಾನು, ನೆನಪಿರಲಿ.’

ಒಂದು ಗ್ರೈಂಡರ್, ಮೂರು ಜನ. ಇಪ್ಪತ್ತು ವರ್ಷದಿಂದ ಫೋರ್ಟ್ ಕಡೆಯ ಕೋರ್ಟುಗಳಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡುವವನು ನಾನು. ಆದರೂ ಆ ರಾತ್ರಿ ನಾನೇ ಬರೆದ ನಾಲ್ಕು ಸಾಲು ಓದಿ ತಲೆ ಕೆರೆದುಕೊಂಡೆ. ಹೋಟೆಲು, ಕೇಟರಿಂಗು, ಟೆಂಪೋ, ಬಾಡಿಗೆ ಮನೆ ಅಂತ ದಿನಾ ನಾಲ್ಕು ವ್ಯವಹಾರ ಮಾಡುವ ನಮ್ಮ ಜನರಿಗೆ ಇದನ್ನೇ ಇಟ್ಟುಕೊಂಡು ಪಾಠ ಹೇಳೋಣ ಅನ್ನಿಸಿತು.

ಮೊದಲು ಒಂದು ಪರೀಕ್ಷೆ

ನಮ್ಮ ದೇಶದಲ್ಲಿ ವ್ಯವಹಾರದ ಮಾತಿಗೆ ತಳಹದಿ 1872ರ ಭಾರತೀಯ ಕರಾರು ಕಾಯ್ದೆ. ಆ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ನಾವು ಆಫರ್ ಅನ್ನುವುದನ್ನು ಅದು ಪ್ರಸ್ತಾಪ ಅನ್ನುತ್ತದೆ. ಅದರ ಎರಡನೇ ಕಲಮು ಹೇಳುವುದಿಷ್ಟು: ಒಂದು ಕೆಲಸ ಮಾಡಲು, ಇಲ್ಲವೇ ಮಾಡದೆ ಇರಲು, ನಾನು ತಯಾರಿದ್ದೇನೆ ಎಂದು ಇನ್ನೊಬ್ಬರಿಗೆ ತಿಳಿಸಬೇಕು. ತಿಳಿಸುವುದು ಅವರ ಒಪ್ಪಿಗೆ ಪಡೆಯುವುದಕ್ಕಾಗಿಯೇ ಇರಬೇಕು. ಅವರು ಒಪ್ಪಿದರೆ ಅದು ವಚನವಾಗುತ್ತದೆ. ಎರಡೂ ಕಡೆಯಿಂದ ಕೊಡುಕೊಳ್ಳುವುದು ಇದ್ದು, ಕಾನೂನು ಜಾರಿ ಮಾಡುವಂಥದ್ದಾದರೆ ಅದೇ ಕರಾರು.

ನನ್ನ ಆಫೀಸಿಗೆ ಬರುವವರಿಗೆ ನಾನು ಕಲಮು ಓದಿ ಹೇಳುವುದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ. ನೀವು ಕಳಿಸಿದ ಮೆಸೇಜಿಗೆ ಎದುರಿನವರು ‘ಆಯ್ತು’ ಅಂತ ಒಂದೇ ಪದ ಬರೆದು ಫೋನ್ ಕೆಳಗಿಟ್ಟರು ಅಂದುಕೊಳ್ಳಿ. ಈಗ ವ್ಯವಹಾರ ಪೂರ್ತಿಯಾಯಿತಾ? ಯಾರು, ಏನು, ಎಷ್ಟಕ್ಕೆ, ಯಾವಾಗ ಅಂತ ಇನ್ನೇನೂ ಕೇಳುವುದಕ್ಕೆ ಉಳಿದಿಲ್ಲವಾ? ಉಳಿದಿಲ್ಲ ಅಂದರೆ ನೀವು ಪ್ರಸ್ತಾಪ ಮಾಡಿಬಿಟ್ಟಿದ್ದೀರಿ. ಉಳಿದಿದೆ ಅಂದರೆ ನೀವಿನ್ನೂ ಮಾತುಕತೆಯಲ್ಲೇ ಇದ್ದೀರಿ.

ಕಳಿಸುವ ಮೊದಲೇ ಈ ಪರೀಕ್ಷೆ ಮಾಡಿಕೊಳ್ಳಿ. ಕಳಿಸಿದ ಮೇಲೆ ಮಾಡಿದರೆ ನನ್ನ ಫೀಸು ಜಾಸ್ತಿಯಾಗುತ್ತದೆ.

ಹೆಜ್ಜೆ 1: ಕೊಡುತ್ತಿದ್ದೀರಾ, ಸುಮ್ನೆ ರೇಟು ಹೇಳುತ್ತಿದ್ದೀರಾ?

ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿ. ಬೆಲೆ ಹೇಳಿದ ಮಾತ್ರಕ್ಕೆ ಪ್ರಸ್ತಾಪವಾಗುವುದಿಲ್ಲ.

ಇದಕ್ಕೆ ನಮ್ಮ ಮಡಿಕೇರಿಯದ್ದೇ ಒಂದು ಒಳ್ಳೆಯ ಕೇಸಿದೆ. ಕರ್ನಲ್ ಮ್ಯಾಕ್‌ಫರ್ಸನ್ ಎಂಬವರ ಬಂಗಲೆ ಅಲ್ಲಿತ್ತು. ಅಪ್ಪಣ್ಣ ಎಂಬವರು ಅದನ್ನು ಕೊಳ್ಳಲು ಬೆಲೆ ಹೇಳಿದ್ದರು. ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದು ಮಾಲೀಕರು ತಂತಿ ಕಳಿಸಿದರು. ಅಪ್ಪಣ್ಣನವರು ‘ಹತ್ತು ಸಾವಿರಕ್ಕೆ ನಾನು ತಯಾರು’ ಅಂದರು, ಕರಾರು ಆಯಿತು ಅಂದುಕೊಂಡರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1951ರಲ್ಲಿ ಕೋರ್ಟು ಕರಾರು ಆಗಿಲ್ಲ ಅಂದಿತು. ಹತ್ತು ಸಾವಿರಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅನ್ನುವುದು ಬೇರೆ, ಹತ್ತು ಸಾವಿರಕ್ಕೆ ಕೊಡುತ್ತೇನೆ ಅನ್ನುವುದು ಬೇರೆ. ಮೊದಲನೆಯದು ‘ಇನ್ನೂ ಮೇಲೆ ಬಾ’ ಎಂಬ ಕರೆ. ಆಗ ‘ಹತ್ತಕ್ಕೆ ತಯಾರು’ ಅಂದ ಅಪ್ಪಣ್ಣನವರೇ ಪ್ರಸ್ತಾಪ ಮಾಡಿದ ಹಾಗಾಯಿತು. ಅದನ್ನು ಒಪ್ಪುವುದು ಬಿಡುವುದು ಮಾಲೀಕರ ಕೈಯಲ್ಲಿತ್ತು.

ಇದೇ ತತ್ವ ಅದಕ್ಕೂ ಮೊದಲು, 1893ರಲ್ಲಿ, ಜಮೈಕಾದ ಒಂದು ಜಾಗದ ಕೇಸಿನಲ್ಲಿ ಬಂದಿತ್ತು. ‘ಮಾರುತ್ತೀರಾ? ಕಡೇ ಬೆಲೆ ತಿಳಿಸಿ’ ಅಂತ ತಂತಿ ಹೋಯಿತು. ‘ಕಡೇ ಬೆಲೆ 900 ಪೌಂಡ್’ ಅಂತ ಉತ್ತರ ಬಂತು. ಮೊದಲ ಪ್ರಶ್ನೆಗೆ ಉತ್ತರವೇ ಇರಲಿಲ್ಲ, ನೋಡಿ. ಆಗ ಬ್ರಿಟಿಷ್ ವಸಾಹತುಗಳಿಗೆ ಕೊನೆಯ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಹಿಡಿದದ್ದು ಅದನ್ನೇ.

ಹೋಟೆಲಿನ ಮೆನು ಬೋರ್ಡೂ ಹಾಗೆಯೇ. ಮಸಾಲೆ ದೋಸೆಯ ಮುಂದೆ ರೇಟು ಬರೆದಿರುವುದು ಗಿರಾಕಿಗೆ ಕರೆ, ಅಷ್ಟೇ. ಗಿರಾಕಿ ‘ಒಂದು ಮಸಾಲೆ’ ಅಂದಾಗ ಪ್ರಸ್ತಾಪ ಅವರಿಂದ ಬರುತ್ತದೆ. ವೇಟರು ಆರ್ಡರ್ ತೆಗೆದುಕೊಂಡಾಗ ಹೋಟೆಲು ಒಪ್ಪಿದ ಹಾಗೆ. ಕಾನೂನು ಯಾಕೆ ಹೀಗೆ ತಿರುಗಿಸಿ ನೋಡುತ್ತದೆ ಅಂತ ಗಲ್ಲಾದಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ನಾಲ್ಕಕ್ಕೆ ಹಿಟ್ಟು ಮುಗಿದಿರುತ್ತದೆ. ಬೋರ್ಡೇ ಪ್ರಸ್ತಾಪವಾಗಿದ್ದರೆ, ಬಂದು ‘ಒಂದು ಮಸಾಲೆ’ ಅಂದ ಪ್ರತಿಯೊಬ್ಬನೂ ನಿಮ್ಮ ಮೇಲೆ ಕೇಸು ಹಾಕಬಹುದಿತ್ತು! ಅಂಗಡಿಯ ಶೋಕೇಸಿನಲ್ಲಿ ಬೆಲೆ ಚೀಟಿ ಅಂಟಿಸಿದ ಸಾಮಾನಿಗೂ ಇದೇ ಲೆಕ್ಕ. ಟೆಂಡರ್ ಕರೆಯುವುದೂ ಬರೀ ಕರೆಯೇ. ಟೆಂಡರ್ ತುಂಬಿದವರು ಪ್ರಸ್ತಾಪ ಮಾಡುತ್ತಾರೆ.

ಕೊಟೇಶನ್ ಮಾತ್ರ ಮೋಸದ ಪದ. ಮೇಲೆ ಕೊಟೇಶನ್ ಅಂತ ಬರೆದ ಮಾತ್ರಕ್ಕೆ ನೀವು ಬಚಾವು ಅಲ್ಲ. ಒಳಗೆ ಐಟಂ, ಪ್ಲೇಟು, ತಾರೀಕು, ದರ ಎಲ್ಲ ಇದ್ದು ‘ಈ ದರದಲ್ಲಿ ಮಾಡಿಕೊಡುತ್ತೇವೆ’ ಅಂದಿದ್ದರೆ ಅದು ಪ್ರಸ್ತಾಪವೇ. ಕೋರ್ಟು ನೋಡುವುದು ಒಳಗಿನ ಮಾತನ್ನು. ಬರೀ ಅಂದಾಜು ಕೊಡುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ: ‘ಇದು ಅಂದಾಜು ಮಾತ್ರ. ನಾವು ಆರ್ಡರ್ ಒಪ್ಪಿ ಬರೆದುಕೊಟ್ಟ ಮೇಲೆಯೇ ಪಕ್ಕಾ.’

ಹಾಗಾದರೆ ನನ್ನ ಗ್ರೈಂಡರ್ ಮೆಸೇಜು? ಬರೀ ‘ಗ್ರೈಂಡರ್ ಮಾರಾಟಕ್ಕಿದೆ, 8,000’ ಅಂತ ಬರೆದಿದ್ದರೆ ಅದು ಜಾಹೀರಾತು, ಕರೆ. ನಾನು ‘ಮೊದಲು ಆಯ್ತು ಅಂದವರಿಗೆ’ ಅಂತ ಸೇರಿಸಿದೆ. ಆ ಮೂರು ಪದ ಸೇರಿದ್ದೇ ತಡ, ಇಡೀ ಗ್ರೂಪಿಗೆ ಪ್ರಸ್ತಾಪವಾಯಿತು. ಎಲ್ಲರಿಗೂ ಒಟ್ಟಿಗೆ ಪ್ರಸ್ತಾಪ ಮಾಡಬಹುದಾ ಅಂತ ಕೇಳುವವರಿದ್ದಾರೆ. ಮಾಡಬಹುದು. 1890ರ ದಶಕದ ಲಂಡನ್ನಿನಲ್ಲಿ ಒಂದು ಔಷಧ ಕಂಪನಿ, ಮೂಗಿಗೆ ಎಳೆದುಕೊಳ್ಳುವ ತನ್ನ ‘ಹೊಗೆ ಗುಂಡನ್ನು’ ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿದ ಮೇಲೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ, ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಅಂತ ಜಾಹೀರಾತು ಕೊಟ್ಟಿತು. ಕಾರ್ಲಿಲ್ ಎಂಬ ಮಹಿಳೆ ಬಳಸಿದರು, ಫ್ಲೂ ಬಂತು, ದುಡ್ಡು ಕೇಳಿದರು. ಅದು ಬರೀ ಪ್ರಚಾರದ ಮಾತು ಅಂತ ಕಂಪನಿ ವಾದಿಸಿತು. ಹಾಗಾದರೆ ಬ್ಯಾಂಕಿನಲ್ಲಿ ದುಡ್ಡು ಯಾಕೆ ಇಟ್ಟಿರಿ ಅಂತ ಕೋರ್ಟು ಕೇಳಿತು, ಕಂಪನಿ ಸೋತಿತು.

ಹೆಜ್ಜೆ 2: ಎಣ್ಣೆ ಅಂದರೆ ಯಾವ ಎಣ್ಣೆ?

ಕರಾರು ಕಾಯ್ದೆಯ 29ನೇ ಕಲಮು ನನಗೆ ಬಹಳ ಇಷ್ಟ. ಅದರ ಉದಾಹರಣೆ ನಮ್ಮ ಕರಾವಳಿಯವರಿಗೇ ಬರೆದ ಹಾಗಿದೆ. ಒಬ್ಬ ‘ನೂರು ಟನ್ ಎಣ್ಣೆ’ ಮಾರಲು ಒಪ್ಪುತ್ತಾನೆ. ಯಾವ ಎಣ್ಣೆ ಅಂತ ತಿಳಿಯುವ ದಾರಿಯೇ ಇಲ್ಲ. ಆ ಒಪ್ಪಂದ ಅನಿಶ್ಚಿತ, ಅದಕ್ಕೇ ಅನೂರ್ಜಿತ. ಆದರೆ ಅವನು ತೆಂಗಿನೆಣ್ಣೆ ಒಂದನ್ನೇ ಮಾರುವ ವ್ಯಾಪಾರಿಯಾಗಿದ್ದರೆ? ಆಗ ಎಣ್ಣೆ ಅಂದರೆ ತೆಂಗಿನೆಣ್ಣೆಯೇ, ಒಪ್ಪಂದ ಗಟ್ಟಿ. ಅದೇ ಕಲಮಿನಲ್ಲಿ ಇನ್ನೊಬ್ಬ ತನ್ನ ಬಿಳಿ ಕುದುರೆಯನ್ನು ‘ಐನೂರಕ್ಕೆ ಅಥವಾ ಸಾವಿರಕ್ಕೆ’ ಮಾರುತ್ತಾನೆ. ಎರಡರಲ್ಲಿ ಯಾವುದು ಅಂತ ಯಾರಿಗೂ ಗೊತ್ತಿಲ್ಲ, ಅದೂ ಬಿದ್ದುಹೋಗುತ್ತದೆ.

ಹೊಸ ಗಿರಾಕಿಗೆ ಬರೆಯುವಾಗ ಎಲ್ಲವನ್ನೂ ಬಿಡಿಸಿ ಬರೆಯಿರಿ. ಹಳೇ ಗಿರಾಕಿಯ ಜೊತೆ ‘ಯಾವಾಗಿನ ಹಾಗೆ’ ಅಂದರೂ ನಡೆದೀತು, ಹಿಂದಿನ ಬಿಲ್ಲುಗಳು ಅದಕ್ಕೆ ಅರ್ಥ ಕೊಡುತ್ತವೆ. ಆದರೂ ನಾನಾದರೆ ಬರೆಯುತ್ತೇನೆ.

ಕೇಟರಿಂಗಿನಲ್ಲಿ ತಕರಾರು ಬರುವುದು ಊಟದ ದರದ ಮೇಲೆ ಅಲ್ಲ. ಅದನ್ನು ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ಜಗಳ ಬರುವುದು ಬರೆಯದೆ ಬಿಟ್ಟದ್ದರ ಮೇಲೆ. ಘಾಟ್‌ಕೋಪರಿನ ಒಂದು ಮದುವೆಯಲ್ಲಿ ನನ್ನ ತಮ್ಮ ‘300 ಪ್ಲೇಟು’ ಅಂತ ಬರೆದುಕೊಟ್ಟಿದ್ದ. ಬಂದವರು 340 ಜನ. ಮೇಲಿನ 40ಕ್ಕೆ ಅದೇ ದರವಾ, ಬೇರೆಯಾ? ಬಾಳೆಲೆ ಯಾರದ್ದು? ಬಡಿಸುವವರು ಎಷ್ಟು ಜನ? ಪಾತ್ರೆ ವಾಪಸ್ ಒಯ್ಯುವ ಟೆಂಪೋ ಬಾಡಿಗೆ ಯಾರ ತಲೆಗೆ? ಜಿಎಸ್‌ಟಿ ದರದ ಒಳಗಾ, ಮೇಲಾ? ಮದುಮಗಳ ತಂದೆಯೂ ನನ್ನ ತಮ್ಮನೂ ಪಾಯಸದ ಕೊಪ್ಪರಿಗೆಯ ಪಕ್ಕ ನಿಂತು ಗುಸುಗುಸು ಜಗಳ ಮಾಡಿದರು. ಕೊನೆಗೆ ಅವರು ಅರ್ಧ ಕೊಟ್ಟರು, ಇವನು ಅರ್ಧ ಬಿಟ್ಟ. ಈಗ ಅವನ ಕಾಗದದಲ್ಲಿ ಒಂದು ಸಾಲು ಇದೆ: ‘ಹೇಳಿದ್ದಕ್ಕಿಂತ ಹೆಚ್ಚಾದ ಪ್ರತಿ ಪ್ಲೇಟಿಗೂ ಇದೇ ದರ. ಎಣಿಕೆ ಊಟದ ದಿನವೇ, ಇಬ್ಬರ ಎದುರಿಗೆ.’

‘ರೇಟು ಏನು ದೊಡ್ಡ ವಿಷಯ, ಆಮೇಲೆ ನೋಡೋಣ ಮಾರಾಯ್ರೆ’ ಅನ್ನುವುದು ನಮ್ಮವರ ದೊಡ್ಡತನವೂ ಹೌದು, ಕಾಯಿಲೆಯೂ ಹೌದು. ಸಾಮಾನು ಮಾರುವಾಗ ಬೆಲೆ ಗೊತ್ತು ಮಾಡದಿದ್ದರೆ ನ್ಯಾಯವಾದ ಬೆಲೆ ಕೊಡಬೇಕು ಅಂತ 1930ರ ಸರಕು ಮಾರಾಟ ಕಾಯ್ದೆ ಹೇಳುತ್ತದೆ, ನಿಜ. ಆ ನ್ಯಾಯವಾದ ಬೆಲೆ ಯಾವುದು ಅಂತ ತೀರ್ಮಾನಿಸಲು ಎಷ್ಟು ತಾರೀಕು ಬೇಕಾದೀತು ಅಂತ ಮಾತ್ರ ಅದರಲ್ಲಿಲ್ಲ.

ಹೆಜ್ಜೆ 3: ಮಾವನ ಮಾತಾ, ಮಾಲೀಕನ ಮಾತಾ?

ಪ್ರಸ್ತಾಪಕ್ಕೆ ಕಾನೂನಿನ ಬಂಧನ ಬೇಕೆಂಬ ಉದ್ದೇಶ ಇರಬೇಕು. ತಮಾಷೆಗೆ ಆಡಿದ್ದು, ಸಿಟ್ಟಿನಲ್ಲಿ ಕೂಗಿದ್ದು, ಮನೆಯೊಳಗಿನ ಹೊಂದಾಣಿಕೆ ಇವೆಲ್ಲ ಲೆಕ್ಕಕ್ಕಿಲ್ಲ. ‘ಈ ಕಾರು ನೂರು ರೂಪಾಯಿಗೆ ತಗೊಂಡು ಹೋಗು, ಸಾಕಾಗಿದೆ’ ಅಂತ ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಗೊಣಗಿದ್ದನ್ನು ಯಾವ ಕೋರ್ಟೂ ಜಾರಿ ಮಾಡುವುದಿಲ್ಲ. 1919ರ ಒಂದು ಇಂಗ್ಲಿಷ್ ಕೇಸಿನಲ್ಲಿ ಸಿಲೋನಿನಲ್ಲಿ ಕೆಲಸಕ್ಕಿದ್ದ ಗಂಡ, ಇಂಗ್ಲೆಂಡಿನಲ್ಲಿ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕಳಿಸುತ್ತೇನೆ ಅಂದಿದ್ದ. ಅದು ಸಂಸಾರದ ಮಾತು, ಕರಾರಲ್ಲ ಅಂತ ತೀರ್ಪಾಯಿತು.

ಮುಂಬೈಯ ಹೋಟೆಲ್ ಮನೆತನಗಳಲ್ಲಿ ಈ ಗೆರೆ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಊರಿನಿಂದ ಬಂದ ಹುಡುಗನಿಗೆ ಸೋದರಮಾವ ಹೇಳುತ್ತಾರೆ: ‘ಐದು ವರ್ಷ ಗಲ್ಲಾದಲ್ಲಿ ಕೂತ್ಕೋ. ಮುಂದಿನ ಹೋಟೆಲು ನಿನಗೇ.’ ಹುಡುಗ ಐದಲ್ಲ, ಒಂಬತ್ತು ವರ್ಷ ಕೂರುತ್ತಾನೆ. ಹೋಟೆಲು ಮಾವನ ಮಗನಿಗೆ ಹೋಗುತ್ತದೆ. ಇಂಥವರು ನನ್ನ ಮುಂದೆ ಬಂದು ಕೂತು ಅತ್ತಿದ್ದಾರೆ. ಸಂಬಂಧಿಕರ ನಡುವೆ ಕರಾರು ಆಗಲೇಬಾರದು ಅಂತ ಕಾನೂನೇನೂ ಹೇಳುವುದಿಲ್ಲ. ಅಣ್ಣತಮ್ಮಂದಿರು ಪಾಲುದಾರರಾಗಿ ಕರಾರು ಮಾಡಿಕೊಳ್ಳುವುದಿಲ್ಲವಾ? ಆದರೆ ಮಾವನ ಮಾತನ್ನು ಪರೀಕ್ಷೆಗೆ ಹಾಕಿ ನೋಡಿ. ಯಾವ ಹೋಟೆಲು? ನಿನಗೇ ಅಂದರೆ ಮಾಲೀಕತ್ವವಾ, ಪಾಲಾ, ಬರೀ ಕಂಡಕ್ಟಿಂಗಾ, ಅಂದರೆ ಮಾವನ ಹೋಟೆಲನ್ನು ನಡೆಸುವುದಷ್ಟೇನಾ? ಬಂಡವಾಳ ಯಾರದ್ದು? ಹುಡುಗ ‘ಆಯ್ತು ಮಾವ’ ಅಂದ ಮೇಲೂ ನೂರು ಪ್ರಶ್ನೆ ಉಳಿಯುತ್ತದೆ. ಅಲ್ಲಿಗೆ ಎರಡನೇ ಹೆಜ್ಜೆಯಲ್ಲೇ ಕೇಸು ಮುಗ್ಗರಿಸುತ್ತದೆ.

ಮಾವನನ್ನು ನಂಬಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಎರಡನೇ ವರ್ಷದ ದೀಪಾವಳಿಗೆ, ಲಕ್ಷ್ಮೀಪೂಜೆ ಮುಗಿದು ಮಾವ ಖುಷಿಯಲ್ಲಿರುವಾಗ, ಅರ್ಧ ಪುಟ ಬರೆಸಿಕೊಳ್ಳಿ.

ಹೆಜ್ಜೆ 4: ಮಾತು ಮುಟ್ಟಬೇಕು

ಎದುರಿನವರ ಅರಿವಿಗೆ ಬರುವವರೆಗೆ ಪ್ರಸ್ತಾಪ ಪೂರ್ತಿಯಾಗುವುದಿಲ್ಲ. ಇದು 4ನೇ ಕಲಮು. 1913ರಲ್ಲಿ ಅಲಹಾಬಾದ್ ಹೈಕೋರ್ಟಿನ ಒಂದು ತೀರ್ಪು ಕಾನೂನು ಓದಿದವರಿಗೆಲ್ಲ ಬಾಯಿಪಾಠ. ಕಾನ್ಪುರದ ಒಬ್ಬ ಯಜಮಾನರ ಸೋದರಳಿಯ ಕಾಣೆಯಾದ. ಹುಡುಕಿ ತಾ ಅಂತ ಲೆಕ್ಕ ಬರೆಯುವ ಮುನೀಮನನ್ನು ಹರಿದ್ವಾರದ ಕಡೆ ಕಳಿಸಿದರು. ಅವನು ಹೋದ ಮೇಲೆ ಇಲ್ಲಿ, ಹುಡುಕಿದವರಿಗೆ 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚಿದರು. ಮುನೀಮ ಹುಡುಗನನ್ನು ಹುಡುಕಿದ. ಬಹುಮಾನದ ಸುದ್ದಿ ಆಮೇಲೆ ತಿಳಿದು ದಾವೆ ಹಾಕಿದ, ಸೋತ. ಗೊತ್ತೇ ಇಲ್ಲದ ಪ್ರಸ್ತಾಪವನ್ನು ಒಪ್ಪುವುದು ಹೇಗೆ? ನನಗೆ ಈ ತೀರ್ಪು ಓದಿದಾಗಲೆಲ್ಲ ಮುನೀಮನ ಬಗ್ಗೆ ಪಾಪ ಅನ್ನಿಸುತ್ತದೆ. ಆದರೆ ತರ್ಕ ಸರಿ ಇದೆ.

ವಾಟ್ಸಾಪಿನ ಎರಡು ನೀಲಿ ಗೆರೆಗೆ ಕರಾರು ಕಾಯ್ದೆಯಲ್ಲಿ ಜಾಗವಿಲ್ಲ. ಆದರೂ ಓದಿಲ್ಲ ಅನ್ನುವವರ ಮುಂದೆ ಅದೊಂದು ಸಾಕ್ಷಿ. ಅಳಿಸಬೇಡಿ.

ಶರತ್ತುಗಳೂ ಮುಟ್ಟಬೇಕು, ನ್ಯಾಯವಾಗಿಯೂ ಇರಬೇಕು. ರಸೀದಿಯ ಹಿಂದೆ ಇರುವೆ ಸಾಲಿನಂತೆ ಅಚ್ಚಾದ ಶರತ್ತುಗಳನ್ನು ಕೋರ್ಟುಗಳು ಸುಮ್ಮನೆ ಒಪ್ಪುವುದಿಲ್ಲ. ಬಟ್ಟೆ ಕಳೆದುಹೋದರೆ ಬೆಲೆಯ ನೂರಕ್ಕೆ 15ರಷ್ಟು ಮಾತ್ರ ಕೊಡುತ್ತೇವೆ ಎಂಬ ಒಂದು ಲಾಂಡ್ರಿಯ ಶರತ್ತನ್ನು ಮದ್ರಾಸ್ ಹೈಕೋರ್ಟು ತಳ್ಳಿಹಾಕಿತ್ತು. ಮುಂಗಡ ವಾಪಸ್ ಇಲ್ಲ ಎಂಬ ಸಾಲು ನಿಮ್ಮ ಬಿಲ್ಲಿನ ಹಿಂದೆ ಇದ್ದರೆ ಅದನ್ನು ಮುಂದಕ್ಕೆ ತನ್ನಿ, ದಪ್ಪಗೆ ಬರೆಯಿರಿ. ಮುಂಗಡ ಕೊಡುವ ಮೊದಲೇ ತೋರಿಸಿ. ದುಡ್ಡು ತೆಗೆದುಕೊಂಡ ಮೇಲೆ ಕೊಡುವ ಚೀಟಿಯಲ್ಲಿ ಹೊಸ ಶರತ್ತು ತುರುಕಿದರೆ ಅದು ತಡವಾಯಿತು.

ಹೆಜ್ಜೆ 5: ಎಷ್ಟು ದಿನ ಅಂತ ಬರೆಯಿರಿ

ಅಂಧೇರಿಯ ಒಂದು ಆಫೀಸು ದಿನಕ್ಕೆ ಇನ್ನೂರು ಊಟದ ಡಬ್ಬಿಗೆ ದರ ಕೇಳಿತು. ನನ್ನ ತಮ್ಮ ಎಲ್ಲ ವಿವರ ಬರೆದು ಕಳಿಸಿದ. ಉತ್ತರವೇ ಇಲ್ಲ. ಎರಡೂವರೆ ತಿಂಗಳ ಮೇಲೆ ಇಮೇಲ್ ಬಂತು: ‘ನಿಮ್ಮ ದರ ಒಪ್ಪಿದ್ದೇವೆ. ಸೋಮವಾರದಿಂದ ಶುರು ಮಾಡಿ.’ ಅಷ್ಟರಲ್ಲಿ ವಾಶಿ ಮಾರ್ಕೆಟಿನಲ್ಲಿ ತೆಂಗಿನಕಾಯಿ ದರ ಎಲ್ಲಿಗೋ ಹೋಗಿತ್ತು. ಅವನು ಆಗುವುದಿಲ್ಲ ಅಂದ. ಮಾತು ತಪ್ಪಿದಿರಿ ಅಂತ ಅವರು ಬೆದರಿಸಿದರು.

ಅವಧಿ ಬರೆದಿದ್ದರೆ ಆ ಅವಧಿ ಮುಗಿದ ಕೂಡಲೇ ಪ್ರಸ್ತಾಪ ಸಾಯುತ್ತದೆ. ಬರೆಯದಿದ್ದರೆ ಸಮಂಜಸವಾದ ಸಮಯ ಕಳೆದ ಮೇಲೆ ಸಾಯುತ್ತದೆ. ಇದು 6ನೇ ಕಲಮಿನಲ್ಲಿದೆ. ಊಟದ ದರಕ್ಕೆ ಎರಡೂವರೆ ತಿಂಗಳು ಸಮಂಜಸವಲ್ಲ ಅಂತ ನಾನು ಉತ್ತರ ಬರೆದೆ, ಅವರು ತಣ್ಣಗಾದರು. ‘ಈ ದರ ಏಳು ದಿನ ಮಾತ್ರ’ ಅಂತ ಒಂದು ಸಾಲು ಇದ್ದಿದ್ದರೆ ಆ ಪತ್ರವೇ ಬೇಕಾಗಿರಲಿಲ್ಲ.

ಇನ್ನು ಹಿಂದಕ್ಕೆ ಪಡೆಯುವ ವಿಷಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತೇವೆ. ಕರಾರು ಕಾಯ್ದೆ ಮಾತಿನ ಬಗ್ಗೆ ಅಷ್ಟು ಕಟ್ಟುನಿಟ್ಟಲ್ಲ. ಎದುರಿನವರು ಒಪ್ಪಿ ಆ ಒಪ್ಪಿಗೆ ಹೊರಡುವ ತನಕ ನಿಮ್ಮ ಪ್ರಸ್ತಾಪ ವಾಪಸ್ ಪಡೆಯಬಹುದು. ಶುಕ್ರವಾರದವರೆಗೆ ಇಟ್ಟಿರುತ್ತೇನೆ ಅಂದಿದ್ದರೂ, ಹಾಗೆ ಇಟ್ಟುಕೊಳ್ಳುವುದಕ್ಕೆ ಅವರಿಂದ ನೀವೇನೂ ಪಡೆದಿಲ್ಲವಾದರೆ, ಬುಧವಾರ ವಾಪಸ್ ಪಡೆಯಬಹುದು. ಕೊಳ್ಳುವವರ ಕಡೆಯಿಂದ ನೋಡಿದರೆ ಇದು ಅಪಾಯ. ಅದಕ್ಕೇ ಮುಂಬೈಯಲ್ಲಿ ಟೋಕನ್, ಅಂದರೆ ಸಣ್ಣ ಮುಂಗಡ, ಕೊಡುವ ಪದ್ಧತಿ.

ಆದರೆ ವಾಪಸ್ ಪಡೆದದ್ದೂ ಅವರಿಗೆ ಮುಟ್ಟಬೇಕು. ವಾಟ್ಸಾಪಿನಲ್ಲಿ ಮೆಸೇಜು ಅಳಿಸಿಬಿಟ್ಟರೆ ಸಾಕು ಅಂದುಕೊಳ್ಳಬೇಡಿ. ಅವರು ಆಗಲೇ ಓದಿದ್ದರೆ? ‘ನನ್ನ ಪ್ರಸ್ತಾಪ ವಾಪಸ್ ಪಡೆದಿದ್ದೇನೆ’ ಅಂತ ಸ್ಪಷ್ಟವಾಗಿ ಬರೆಯಿರಿ.

ಅಂಚೆಯಲ್ಲಿ ಒಂದು ಸ್ವಾರಸ್ಯವಿದೆ. ಅವರು ಒಪ್ಪಿಗೆ ಪತ್ರವನ್ನು ಡಬ್ಬಿಗೆ ಹಾಕಿದ ಕ್ಷಣದಿಂದ ನೀವು ಕಟ್ಟುಬಿದ್ದಿರಿ. ಅವರು ಮಾತ್ರ ಆ ಪತ್ರ ನಿಮ್ಮನ್ನು ಮುಟ್ಟುವವರೆಗೆ ಮನಸ್ಸು ಬದಲಾಯಿಸಬಹುದು. ಫೋನಿನಲ್ಲಿ ಹಾಗಲ್ಲ. ಅಹಮದಾಬಾದಿನವರು ವಿದರ್ಭದ ಖಾಮ್‌ಗಾಂವಿನವರಿಗೆ ಫೋನ್ ಮಾಡಿ ಹತ್ತಿಬೀಜದ ಹಿಂಡಿ ಕೇಳಿದರು, ಅವರು ಒಪ್ಪಿದರು. ಕರಾರು ಆದದ್ದು ಎಲ್ಲಿ? ಒಪ್ಪಿಗೆ ಕಿವಿಗೆ ಬಿದ್ದ ಜಾಗದಲ್ಲಿ, ಅಂದರೆ ಅಹಮದಾಬಾದಿನಲ್ಲಿ, ಎಂದು 1965ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯಾವ ಊರಿನ ಕೋರ್ಟಿಗೆ ಹೋಗಬೇಕು ಅನ್ನುವುದು ಇದರ ಮೇಲೂ ನಿಲ್ಲುತ್ತದೆ. ಊರಿನಿಂದ ಅಕ್ಕಿ ತರಿಸುವವರು ಗಮನಿಸಿ.

‘ಎರಡು ದಿನದಲ್ಲಿ ಉತ್ತರ ಬರದಿದ್ದರೆ ನೀವು ಒಪ್ಪಿದ್ದೀರಿ ಅಂತ ತಿಳಿಯುತ್ತೇವೆ’ ಎಂಬ ಸಾಲು ಬರೆಯಬೇಡಿ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಹೆಣ್ಣು ನೋಡುವ ಶಾಸ್ತ್ರದಲ್ಲಿ ನಡೆಯುತ್ತಿತ್ತೇನೋ. ವ್ಯಾಪಾರದಲ್ಲಿ ಎದುರಿನವರ ಮೌನವನ್ನು ನೀವೇ ಒಪ್ಪಿಗೆ ಅಂತ ಬರೆದುಕೊಳ್ಳುವ ಹಾಗಿಲ್ಲ.

ಹೆಜ್ಜೆ 6: ಬಂದ ಉತ್ತರವನ್ನು ನಿಧಾನಕ್ಕೆ ಓದಿ

ಒಪ್ಪಿಗೆ ಶರತ್ತಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಒಪ್ಪಬೇಕು. ಅದು 7ನೇ ಕಲಮು. ‘ಆಯ್ತು, ಆದರೆ’ ಅಂತ ಬಂದರೆ ಆ ‘ಆದರೆ’ಯ ನಂತರದ ಭಾಗವನ್ನು ಎರಡು ಸಲ ಓದಿ. ಬೆಲೆ, ದಿನ, ಶರತ್ತು ಏನೇ ಬದಲಾಯಿಸಿದರೂ ಅದು ಅವರ ಹೊಸ ಪ್ರಸ್ತಾಪ, ನಿಮ್ಮದು ಅಲ್ಲಿಗೆ ಬಿದ್ದುಹೋಯಿತು. 1840ರ ಹಳೇ ಇಂಗ್ಲಿಷ್ ಕೇಸಿನಲ್ಲಿ ಒಂದು ತೋಟಕ್ಕೆ 1,000 ಪೌಂಡ್ ಹೇಳಿದರು. ಕೊಳ್ಳುವವನು 950 ಅಂದ, ಮಾಲೀಕ ಒಪ್ಪಲಿಲ್ಲ. ಆಮೇಲೆ ಅವನು ‘ಸರಿ, ಸಾವಿರ’ ಅಂದಾಗ ಒಪ್ಪುವುದಕ್ಕೆ ಅಲ್ಲಿ ಪ್ರಸ್ತಾಪವೇ ಉಳಿದಿರಲಿಲ್ಲ. ಬರೀ ‘ಕಂತಿನಲ್ಲಿ ಕೊಡಬಹುದಾ?’ ಅಂತ ವಿಚಾರಿಸಿದರೆ ಮಾತ್ರ ಮೂಲ ಪ್ರಸ್ತಾಪಕ್ಕೆ ಏಟು ಬೀಳುವುದಿಲ್ಲ.

ದಾದರ್ ಹೂವಿನ ಮಾರ್ಕೆಟಿನಲ್ಲಿ ಭಾವ್‌ತಾವ್ ಮಾಡುವವರಿಗೆ ಇದು ಹೊಸದಲ್ಲ. ಕಡಿಮೆಗೆ ಕೇಳಿ ಮುಂದೆ ಹೋಗಿ ವಾಪಸ್ ಬಂದರೆ, ಮೊದಲು ಹೇಳಿದ ರೇಟಿಗೆ ಕೊಡಲೇಬೇಕು ಅಂತ ಹೂವಿನವನಿಗೇನೂ ಇಲ್ಲ. ಅವನು ಕೊಡುವುದೂ ಇಲ್ಲ.

ಹೆಬ್ಬೆರಳಿನ ಚಿತ್ರದ ಕತೆ ಬೇರೆ. 2023ರಲ್ಲಿ ಕೆನಡಾದ ಸಾಸ್ಕಾಚೆವನ್ ಪ್ರಾಂತ್ಯದ ಕೋರ್ಟು, ಅಗಸೆ ಬೀಜದ ಕರಾರಿಗೆ ರೈತನೊಬ್ಬ ಫೋನಿನಲ್ಲಿ ಹಾಕಿದ ಹೆಬ್ಬೆರಳನ್ನು ಒಪ್ಪಿಗೆ ಅಂತಲೇ ಹಿಡಿಯಿತು. ಆ ಇಬ್ಬರೂ ಹಿಂದೆ ‘ಓಕೆ’, ‘ಸರಿ’ ಅಂತ ಒಂದೇ ಪದದಲ್ಲಿ ವ್ಯವಹಾರ ಮಾಡಿದ್ದರು ಅನ್ನುವುದು ಅಲ್ಲಿ ಮುಖ್ಯವಾಯಿತು. ನಮ್ಮ ಕೋರ್ಟುಗಳನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ. ಆದರೆ ವ್ಯಾಪಾರದ ಮೆಸೇಜಿಗೆ ಸುಮ್ನೆ ಹೆಬ್ಬೆರಳು ಒತ್ತುವ ಚಟ ಇದ್ದವರು ಬಿಡುವುದು ಒಳ್ಳೆಯದು. ಕೋರ್ಟು ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ನೋಡುವುದಿಲ್ಲ. ಓದಿದ ಸಾಮಾನ್ಯ ಮನುಷ್ಯನಿಗೆ ಏನು ಅನ್ನಿಸುತ್ತದೆ ಅಂತ ನೋಡುತ್ತದೆ.

ಹೆಜ್ಜೆ 7: ಕಾಗದ ಎಲ್ಲಿ ಬೇಕೇಬೇಕು

ಸಾಮಾನ್ಯ ವ್ಯವಹಾರಕ್ಕೆ ಬಾಯಿಮಾತೂ ಸಾಕು, ಇಮೇಲೂ ಸಾಕು. ಎಲೆಕ್ಟ್ರಾನಿಕ್ ರೀತಿಯಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬೀಳುವುದಿಲ್ಲ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. 2010ರಲ್ಲಿ ಬಾಕ್ಸೈಟ್ ಸಾಗಣೆಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ಇಮೇಲುಗಳಲ್ಲೇ ಕರಾರು ಮುಗಿದಿದೆ, ದೊಡ್ಡ ಕಾಗದಕ್ಕೆ ಸಹಿ ಆಗದಿದ್ದರೂ ಅಡ್ಡಿಯಿಲ್ಲ ಅಂದಿತು. ಸಹಿ ಆಗುವವರೆಗೆ ಬಂಧನ ಬೇಡ ಅನ್ನುವವರು ‘ಲಿಖಿತ ಕರಾರಿಗೆ ಸಹಿ ಆಗುವವರೆಗೆ ಇಬ್ಬರಿಗೂ ಬಂಧನವಿಲ್ಲ’ ಅಂತ ಮೊದಲ ಮೆಸೇಜಿನಲ್ಲೇ ಹಾಕಬೇಕು.

ಮನೆ, ಅಂಗಡಿ ವಿಷಯಕ್ಕೆ ಬಂದರೆ ‘ಆಯ್ತು’ ಸಾಲುವುದಿಲ್ಲ. ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಜಾಗವನ್ನು ಇಷ್ಟು ತಿಂಗಳು ಬಳಸಲು ಬಿಡುವ ಕರಾರು, ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು ಅಂತ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಹೇಳುತ್ತದೆ. ನೋಂದಣಿ ಮಾಡಿಸುವ ಹೊಣೆ ಮಾಲೀಕರದ್ದು. ಮಾಡಿಸದಿದ್ದರೆ ಶರತ್ತುಗಳ ಬಗ್ಗೆ ಬಾಡಿಗೆಯವರು ಹೇಳಿದ್ದೇ ನಡೆಯುತ್ತದೆ, ಬೇರೆ ರೀತಿ ರುಜುವಾಗುವವರೆಗೆ. ಮೂರು ತಿಂಗಳವರೆಗಿನ ಜೈಲು, 5,000ದವರೆಗಿನ ದಂಡಕ್ಕೂ ಅವಕಾಶವಿದೆ. ಹನ್ನೊಂದು ತಿಂಗಳದ್ದು, ಊರಿನವರೇ, ಕಾಗದ ಯಾಕೆ ಅನ್ನುವ ಮನೆ ಮಾಲೀಕರೇ, ಈ ಸಾಲನ್ನು ಇನ್ನೊಮ್ಮೆ ಓದಿ.

ಎದುರಿನವರಿಗೆ 18 ವರ್ಷ ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಕೆಲಸ ಕಾನೂನಿಗೆ ಒಪ್ಪುವಂಥದ್ದಿರಬೇಕು, ಬೆದರಿಕೆ ಮೋಸ ಇರಬಾರದು. ಇವು ನಿಮಗೆ ಗೊತ್ತೇ ಇವೆ.

ಗ್ರೈಂಡರ್ ಯಾರಿಗೆ?

ಮುಲುಂಡಿನ ಅಕ್ಕ ಮೊದಲು ಮಾತಾಡಿದ್ದು ನಿಜ. ಮೊದಲು ಆಯ್ತು ಅಂದದ್ದಲ್ಲ. 7,000ಕ್ಕೆ ಕೊಡುತ್ತೀರಾ ಅನ್ನುವುದು ವಿಚಾರಣೆಯೋ ಹೊಸ ಪ್ರಸ್ತಾಪವೋ, ಏನೇ ಇರಲಿ, ಒಪ್ಪಿಗೆಯಂತೂ ಅಲ್ಲ. ಡೊಂಬಿವಲಿ ಮಾಮನ ಹೆಬ್ಬೆರಳು ಎರಡನೆಯದು. ಮಾಮ ಆ ಗ್ರೂಪಿನಲ್ಲಿ ಶುಭೋದಯಕ್ಕೂ ಹೆಬ್ಬೆರಳು, ಲೋಕಲ್ ರೈಲು ತಡ ಅಂದರೂ ಹೆಬ್ಬೆರಳು ಹಾಕುವವರು. ಅದನ್ನು ಯಾರೂ ಒಪ್ಪಿಗೆ ಅಂತ ಓದುವುದಿಲ್ಲ. ಆದರೂ ಫೋನ್ ಮಾಡಿದೆ. ‘ಗ್ರೈಂಡರ್ ನನಗೆ ಯಾಕೆ ಮಗಾ? ಫೋಟೋ ಚೆನ್ನಾಗಿ ಬಂದಿತ್ತು, ಅದಕ್ಕೆ ಹಾಕಿದೆ’ ಅಂದರು.

ಅಲ್ಲಿಗೆ ವಾಶಿಯ ಗೆಳೆಯನದ್ದೇ ಮೊದಲ ಒಪ್ಪಿಗೆ. ಅಕ್ಕನಿಗೆ ಇದನ್ನೆಲ್ಲ ಕಲಮು ಸಮೇತ ವಿವರಿಸಿದೆ. ‘ವಕೀಲರ ಹತ್ರ ಮಾತಾಡಿ ಪ್ರಯೋಜನ ಇಲ್ಲ’ ಅಂತ ಫೋನ್ ಇಟ್ಟುಬಿಟ್ಟರು.

ಭಾನುವಾರ ಗೆಳೆಯ ಟೆಂಪೋ ತಂದ. 8,000 ಎಣಿಸಿ ಕೊಟ್ಟ. ಗ್ರೈಂಡರ್ ಹತ್ತಿಸಿ ಹಗ್ಗ ಕಟ್ಟಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ: ‘ಕಾಯಿ ತುರಿಯುವ ಅಟ್ಯಾಚ್‌ಮೆಂಟ್ ಎಲ್ಲಿ? ಫೋಟೋದಲ್ಲಿ ಇತ್ತಲ್ಲ.’ ತಮ್ಮ ನನ್ನ ಮುಖ ನೋಡಿದ. ಅದನ್ನು ಅವನು ಹೊಸ ಗ್ರೈಂಡರಿಗೆ ಹಾಕಿಕೊಂಡಿದ್ದ. ನನ್ನ ಮೆಸೇಜಿನಲ್ಲಿ ಅದು ಸೇರಿದೆ ಅಂತಲೂ ಇರಲಿಲ್ಲ, ಸೇರಿಲ್ಲ ಅಂತಲೂ ಇರಲಿಲ್ಲ. ಎರಡನೇ ಹೆಜ್ಜೆ.

ಬಿಚ್ಚಿ ಕೊಟ್ಟೆವು. ಹೊಸದೊಂದನ್ನು ತಮ್ಮನಿಗೆ ನಾನೇ ತಂದುಕೊಟ್ಟೆ.